ಮಂಡಿ ಲೆಕ್ಕದ ತಂತ್ರಾಂಶ ಬರೆದು ಲೈಸೆನ್ಸ್ ಜಗಳಕ್ಕೆ ಸಿಕ್ಕಿಕೊಂಡ ಕಥೆ

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಮುಗಿದ ಮೇಲೆ ರೈತರ ಕೈಗೆ ಒಂದು ಪಟ್ಟಿ ಕೊಡುತ್ತಾರೆ. ಎಷ್ಟು ಬಾಕ್ಸ್, ಏನು ರೇಟು, ಕೂಲಿ, ಬಾಡಿಗೆ ಕಳೆದು ಉಳಿದದ್ದೆಷ್ಟು, ಅಷ್ಟೇ. ಈ ಪಟ್ಟಿ ಪ್ರಿಂಟ್ ಹಾಕಲು ನಾವು ಮೂರು ಜನ ಗೆಳೆಯರು ಜಾವಾದಲ್ಲಿ ಒಂದು ಸಣ್ಣ ತಂತ್ರಾಂಶ ಬರೆದೆವು. ಕೋಡ್ ಎಲ್ಲರಿಗೂ ಸಿಗಲಿ ಅಂತ ಬಿಟ್ಟೆವು. ಲೈಸೆನ್ಸ್? ಜಿಪಿಎಲ್ 2 (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು, ಆದರೆ ಹಂಚುವಾಗ ಅದೇ ಷರತ್ತಿನಲ್ಲಿ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್) ಅಂತ ಒಂದು ಸಾಲು ಬರೆದು, ಆ ಫೈಲನ್ನು ಫೋಲ್ಡರಿಗೆ ಹಾಕಿ ಸುಮ್ಮನಾದೆವು.

ಆರು ತಿಂಗಳಾದ ಮೇಲೆ ಚಿಂತಾಮಣಿಯ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣ, ಇದನ್ನ ನಾನು ಬೇರೆಯವರಿಗೆ ಕೊಡೋ ಹಾಗಿಲ್ಲ. ನೀವೂ ಕೊಡೋ ಹಾಗಿರ್ಲಿಲ್ಲ."

ನನಗೆ ಸಿಟ್ಟೇ ಬಂತು. ಕೂತು ನೋಡಿದರೆ ಅವನು ಹೇಳಿದ್ದು ಸರಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸುವ ಕೋಡನ್ನು ನಾನು ಒಂದು ಹಳೇ ತಂತ್ರಾಂಶದಿಂದ ಎತ್ತಿದ್ದೆ. ಅದರ ನೆತ್ತಿಯ ಮೇಲೇ 'ಜಿಪಿಎಲ್ ಆವೃತ್ತಿ 2 ಮಾತ್ರ' ಅಂತ ಇತ್ತು. ಎಕ್ಸೆಲ್ ಫೈಲ್ ತೆಗೆಯಲು ಬಳಸಿದ್ದು ಅಪಾಚೆ ಪಿಒಐ ಅನ್ನುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅದರದ್ದು ಅಪಾಚೆ 2.0 ಲೈಸೆನ್ಸ್. ಈ ಎರಡಕ್ಕೂ ಆಗಿಬರುವುದಿಲ್ಲ. ಅಪಾಚೆ 2.0 ಬಂದದ್ದು 2004ರಲ್ಲಿ. ಈ ಕೋಡ್ ನನ್ನ ಪೇಟೆಂಟ್ ಮುರಿದಿದೆ ಅಂತ ನೀವು ಕೇಸು ಹಾಕಿದರೆ, ಅದರಿಂದ ನಿಮಗೆ ಸಿಕ್ಕ ಪೇಟೆಂಟ್ ಹಕ್ಕು ಹೋಗುತ್ತದೆ ಅನ್ನುತ್ತದೆ ಅದು. 1991ರ ಜಿಪಿಎಲ್ 2ರಲ್ಲಿ ಈ ಷರತ್ತು ಇಲ್ಲ, ಅದಾದರೋ ನಾನು ಹೇಳಿದ್ದಕ್ಕಿಂತ ಒಂದು ಷರತ್ತೂ ಜಾಸ್ತಿ ಹಾಕಬೇಡಿ ಅನ್ನುತ್ತದೆ. 2007ರ ಜಿಪಿಎಲ್ 3ರಲ್ಲಿ ಇದಕ್ಕೆ ದಾರಿ ಮಾಡಿದರು. ಹಾಗಾಗಿ ಅಪಾಚೆ ಕೋಡನ್ನು ಜಿಪಿಎಲ್ 3ರ ಜೊತೆ ಸೇರಿಸಬಹುದು, 2ರ ಜೊತೆ ಆಗುವುದಿಲ್ಲ. '2 ಅಥವಾ ಅದರ ನಂತರದ ಯಾವುದೇ ಆವೃತ್ತಿ' ಅಂತ ಇದ್ದಿದ್ದರೆ ಗಲಾಟೆಯೇ ಇರಲಿಲ್ಲ. ಎಲ್ಲಾ ಆ 'ಮಾತ್ರ' ಮಾಡಿದ ಕೆಲಸ.

ನಮ್ಮ ಮಂಡಿಯಲ್ಲೇ ಇಟ್ಟುಕೊಂಡು ಬಳಸಿದರೆ ಯಾವ ತಕರಾರೂ ಇಲ್ಲ. ತಕರಾರು ಬರುವುದು ಇನ್ನೊಬ್ಬರಿಗೆ ಕೊಟ್ಟಾಗ, ನಾವು ಪೆನ್‌ಡ್ರೈವಿನಲ್ಲಿ ನಾಲ್ಕು ಮಂಡಿಗೆ ಕೊಟ್ಟಾಗಿತ್ತು. ಕ್ಲಾಕ್ ಟವರ್ ಹತ್ತಿರ ಟೀ ಕುಡಿಯುತ್ತಾ ಒಬ್ಬ ಗೆಳೆಯ ವಾದಕ್ಕೆ ನಿಂತ. "ಎರಡೂ ಫ್ರೀ ತಾನೇ? ಯಾರು ಕೇಳ್ತಾರೆ ಗುರು? ಲೈಬ್ರರಿನ ಬರೀ ಕರೆದ್ರೆ ಎರಡೂ ಒಂದೇ ಆಗ್ಬಿಡುತ್ತಾ?" ಕೊನೆಯ ಪ್ರಶ್ನೆಯಲ್ಲಿ ಹುರುಳಿದೆ, ಆ ಬಗ್ಗೆ ವಕೀಲರಲ್ಲೇ ಒಮ್ಮತ ಇಲ್ಲ. ಆದರೆ ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎರಡೂ ಒಂದೇ ಆಗುತ್ತದೆ ಅನ್ನುತ್ತದೆ. ನಮ್ಮ ಕೋಡನ್ನು ಯಾರೂ ಮುಚ್ಚಿಡಬಾರದು ಅಂತ ಜಿಪಿಎಲ್ ಹಾಕಿದವರು ನಾವು, ಇನ್ನೊಬ್ಬರ ಷರತ್ತು ಬಂದಾಗ ಯಾರು ಕೇಳ್ತಾರೆ ಅಂದರೆ ಹೇಗೆ?

ಹಳೇ ಕೋಡಿನ ಲೇಖಕರಿಗೆ ಮೇಲ್ ಹಾಕಿದೆ. ಎರಡೇ ದಿನಕ್ಕೆ ಉತ್ತರ ಬಂತು. 'ಮಾತ್ರ' ಅಂತ ಬೇಕೆಂದೇ ಬರೆದದ್ದು, ಬದಲಾಯಿಸಲ್ಲ ಅಂದರು. ಅವರ ಕೋಡು, ಅವರ ಇಷ್ಟ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕೂಡ ಹೀಗೆ ಜಿಪಿಎಲ್ 2ಕ್ಕೇ ನಿಂತಿದೆ.

ಉಳಿದದ್ದು ಹೊಸದಾಗಿ ಬರೆಯುವುದು. ಆ ಫೈಲನ್ನು ನಾನು ನೂರು ಸಲ ಓದಿದ್ದೆ, ನಾನೇ ಬರೆದರೆ ಅದೇ ಕೈಗೆ ಬರುತ್ತದೆ. ಅದನ್ನು ಒಮ್ಮೆಯೂ ತೆರೆಯದ ಗೆಳೆಯನಿಗೆ, ಅದೇ ವಾದ ಮಾಡಿದವನಿಗೆ, ಪ್ರಿಂಟರ್ ಮ್ಯಾನುಯಲ್ ಕೊಟ್ಟು ಕೂರಿಸಿದೆವು. 27, 64 ಕಳಿಸಿದರೆ ಪ್ರಿಂಟರ್ ಮೊದಲಿನ ಸ್ಥಿತಿಗೆ ಬರುತ್ತದೆ, 27, 69 ಅಂದರೆ ದಪ್ಪಕ್ಷರ. ಇಂಥ ಅಂಕಿಗಳಿಗೆ ಕಾಪಿರೈಟ್ ಇಲ್ಲ, ಅದನ್ನು ಬಳಸಿ ಒಬ್ಬರು ಬರೆದ ಕೋಡಿಗೆ ಇದೆ. ಕನ್ನಡ ಅಕ್ಷರ ಆ ಪ್ರಿಂಟರಿನಲ್ಲಿ ಇಲ್ಲವಲ್ಲ, ಚುಕ್ಕಿಗಳ ಚಿತ್ರವಾಗಿ ಪಟ್ಟಿ ಪಟ್ಟಿಯಾಗಿ ಕಳಿಸಬೇಕು. ಮೊದಲ ಸಲ 'ಕ್ಯಾಸಂಬಳ್ಳಿ' ಅನ್ನುವ ಊರ ಹೆಸರು ಹೊಡೆದಾಗ ಒತ್ತಕ್ಷರಗಳು ಕೆಳಗೆ ಬೇರೆಯಾಗಿ ನಿಂತವು, ನಡುವೆ ಒಂದು ಬಿಳೀ ಗೆರೆ. ಸಾಲಿನ ಅಂತರವನ್ನು ಒಂದು ಇಂಚಿನ 180ನೇ ಭಾಗದ ಲೆಕ್ಕದಲ್ಲಿ 24ಕ್ಕೆ ಇಳಿಸಿದ ಮೇಲೆ ಕೂಡಿಕೊಂಡವು. ಹನ್ನೊಂದು ದಿನ ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಸ್ವಂತ ಕೋಡೂ 'ಜಿಪಿಎಲ್ 2' ತಾನೇ. ಅದನ್ನು 3ಕ್ಕೆ ಏರಿಸಲು ಮೂವರೂ ಒಪ್ಪಬೇಕು. ನಾವಿಬ್ಬರು ಒಪ್ಪಿದೆವು. ಮೂರನೆಯವನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು, ರೈಲಿನಲ್ಲೇ ಕೂತು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಭಾಗ ಬರೆದಿದ್ದ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದ್ದೇ. ಇದು ನೌಕರಿಯ ಕೆಲಸ ಅಲ್ಲ ನಿಜ, ಆದರೆ ಅವನು ಸೇರುವಾಗ ಸಹಿ ಹಾಕಿದ ಕಾಗದ ಇನ್ನೂ ಜೋರಾಗಿತ್ತು, ಏನು ಬರೆದರೂ ನಮ್ಮದೇ ಅನ್ನುವ ಧಾಟಿ. ಅನುಮತಿ ಕೇಳಿ ಮೇಲ್ ಹಾಕಿದ. ಉತ್ತರವೇ ಇಲ್ಲ.

ಒಂದು ತಿಂಗಳು ಕಾದು, ಆ 340 ಸಾಲನ್ನೂ ಚಿಂತಾಮಣಿ ಹುಡುಗನ ಕೈಲೇ ಬರೆಸಿದೆವು. ಬೇರೆಯವರಿಗೆ ಕೊಡಬೇಕು ಅಂತ ಆತುರ ಇದ್ದದ್ದು ಅವನಿಗೇ ಅಲ್ವಾ. ಈಗ ಪ್ರತಿ ಫೈಲಿನ ತಲೆಯ ಮೇಲೆ ಬರೆದವರ ಹೆಸರು, ವರ್ಷ, '3 ಅಥವಾ ನಂತರದ್ದು' ಅಂತ ಇದೆ. ಕಂಪನಿಯಿಂದ ನಮ್ಮದೇನೂ ಅಭ್ಯಂತರ ಇಲ್ಲ ಅಂತ ಒಂದು ಸಾಲಿನ ಮೇಲ್ ಬಂದಾಗ ಐದನೇ ತಿಂಗಳು ನಡೆಯುತ್ತಿತ್ತು.