ಕೈಗೆಟುಕುವ ಸುಖಗಳು

ವಯಸ್ಸಾದ ಮೇಲೆ ಓದುವ ಆಸೆ ಹೋಯಿತು ಅಂತ ಬಹಳ ಜನ ಹೇಳುತ್ತಾರೆ. ಗಿಡ ನೋಡಿಕೊಳ್ಳಲು ಹುಮ್ಮಸ್ಸಿಲ್ಲ, ನಾಲ್ಕು ಜನರ ಜೊತೆ ಕೂತು ಮಾತಾಡೋಕೂ ಬೇಜಾರು ಅನ್ನುತ್ತಾರೆ. ನಾನು ಇದನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಹೆಚ್ಚಿನ ಸಲ ಆಸೆ ಇದ್ದಲ್ಲೇ ಇರುತ್ತದೆ, ದಾರಿಯಲ್ಲಿ ಏನೋ ಒಂದು ಸಣ್ಣ ಅಡ್ಡಿ ಬಂದು ಕೂತಿರುತ್ತದೆ. ದೀಪ ಸಾಲದು, ಕುರ್ಚಿ ತಗ್ಗು, ಡಬ್ಬಿಯ ಮುಚ್ಚಳ ಬಿಗಿ. ದಿನಾ ಆ ರಗಳೆ ಯಾರಿಗೆ ಬೇಕು ಅಂತ ಮನಸ್ಸು ಹಿಂದೆ ಸರಿಯುತ್ತದೆ. ಮೊದಲು ಆ ಅಡ್ಡಿ ಯಾವುದು ಅಂತ ಹುಡುಕಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ನಿದ್ದೆ ಕೆಟ್ಟಿದೆ ಅಂದರೆ ಅದಕ್ಕೆ ಕುರ್ಚಿ, ದೀಪ ಮದ್ದಲ್ಲ. ಡಾಕ್ಟರಿಗೆ ತೋರಿಸಬೇಕು. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಅಂತ ಬಿಡಬಾರದು. ಮನಸ್ಸಿನ ಕಾಯಿಲೆಗೆ ಯಾವ ವಯಸ್ಸಿನಲ್ಲೂ ಚಿಕಿತ್ಸೆ ಇದೆ.

ಬೆಳಕಿನಿಂದ ಶುರು ಮಾಡೋಣ, ಜಾಸ್ತಿ ಲಾಭ ಇರುವುದು ಅಲ್ಲೇ. 60 ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಒಳಗಿನ ಮಸೂರವೂ ವರ್ಷ ಕಳೆದಂತೆ ಹಳದಿಯಾಗುತ್ತಾ ಹೋಗುತ್ತದೆ. ಹಾಗಾಗಿ ಮಕ್ಕಳಿಗೆ ಸಾಕಾದ ದೀಪ ನಮಗೆ ಸಾಲುವುದಿಲ್ಲ. "ಇಷ್ಟು ಬೆಳಕಿದೆಯಲ್ಲ, ಇನ್ನೇನು ಬೇಕು?" ಅಂತ ಮನೆಯವರು ಕೇಳಿದರೆ ಸಿಟ್ಟಾಗಬೇಡಿ. ಅವರ ಕಣ್ಣಿಗೆ ನಿಜವಾಗಿಯೂ ಅಷ್ಟು ಬೆಳಕು ಕಾಣುತ್ತಿರುತ್ತದೆ.

ಹಾಗಂತ ಕೋಣೆಯ ತುಂಬ ಝಗಮಗ ಬಲ್ಬು ಹಾಕಿಸಬೇಡಿ. ವಯಸ್ಸಾದ ಕಣ್ಣಿಗೆ ಬೆಳಕು ನೇರವಾಗಿ ಬಿದ್ದರೆ ಇನ್ನಷ್ಟು ಕುಕ್ಕುತ್ತದೆ. ಕತ್ತು ಬಗ್ಗಿಸಲು ಬರುವ ಒಂದು ದೀಪ ಇಟ್ಟುಕೊಳ್ಳಿ. ಅದು ಭುಜದ ಪಕ್ಕ, ಸ್ವಲ್ಪ ಹಿಂದಕ್ಕೆ ಇದ್ದು, ಪುಸ್ತಕದ ಮೇಲೆ ಮಾತ್ರ ಬೆಳಕು ಚೆಲ್ಲಬೇಕು. ಹತ್ತಿರಕ್ಕೆ ತಂದಷ್ಟೂ ಲಾಭ. ಸಣ್ಣ ದೀಪವೊಂದರ ದೂರವನ್ನು ಅರ್ಧಕ್ಕೆ ಇಳಿಸಿದರೆ ಹಾಳೆಯ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹೊಸ ಬಲ್ಬು ಕೊಳ್ಳುವ ಮೊದಲು ಇರುವ ದೀಪವನ್ನೇ ಒಂದು ಮೊಳ ಹತ್ತಿರ ಎಳೆದು ನೋಡಿ. ಕೊಳ್ಳಲೇಬೇಕು ಅಂದರೆ ಡಬ್ಬಿಯ ಮೇಲೆ ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ. ವ್ಯಾಟ್ ಅಂದರೆ ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ, ಲ್ಯೂಮೆನ್ ಅಂದರೆ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಲೆಕ್ಕ. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕು ಸುಮಾರು 800 ಲ್ಯೂಮೆನ್. ಈಗಿನ ಎಲ್‌ಇಡಿ ಅಷ್ಟೇ ಬೆಳಕನ್ನು 8–10 ವ್ಯಾಟಿನಲ್ಲಿ ಕೊಡುತ್ತದೆ. ಬರೆಯುವ ಅಭ್ಯಾಸ ಇರುವವರು ಬರೆಯುವ ಕೈಯ ಎದುರು ಬದಿಗೆ ದೀಪ ಇಡಬೇಕು. ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ.

ದಪ್ಪ ಪುಸ್ತಕ ಎತ್ತಿ ಹಿಡಿಯಲು ಮಣಿಕಟ್ಟು ನೋವು ಅನ್ನುವವರು ತೊಡೆಯ ಮೇಲೆ ಒಂದು ದಿಂಬು ಹಾಕಿಕೊಂಡು ಅದರ ಮೇಲೆ ಪುಸ್ತಕ ಇಟ್ಟುಕೊಳ್ಳಿ. ಕತ್ತೂ ಅಷ್ಟು ಬಗ್ಗುವುದಿಲ್ಲ. ಫೋನಿನಲ್ಲಿ ಓದುವವರು ಅಕ್ಷರ ದೊಡ್ಡದು ಮಾಡಿಕೊಳ್ಳಲು ನಾಚಬಾರದು. ಪಕ್ಕದಲ್ಲಿ ಕೂತವರು ನಮ್ಮ ಮೆಸೇಜು ಓದುತ್ತಾರೆ ಅಂತ ಕೆಲವರಿಗೆ ಸಂಕೋಚ. ನಮ್ಮ ವಯಸ್ಸಿನ ಮೆಸೇಜಿನಲ್ಲಿ ಅಂಥ ಗುಟ್ಟೇನಿರುತ್ತದೆ, ಅಲ್ವಾ?

ರಾತ್ರಿಯ ಲೆಕ್ಕ ಬೇರೆ. ನಡುರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ದೊಡ್ಡ ದೀಪ ಹಾಕಿದರೆ ಎರಡು ತೊಂದರೆ. ನಿದ್ದೆ ಪೂರ್ತಿ ಹಾರಿಹೋಗುತ್ತದೆ. ಆಮೇಲೆ ದೀಪ ಆರಿಸಿದ ಕೂಡಲೇ ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ನೆಲದ ಹತ್ತಿರ ಮಂದವಾದ ಹಳದಿ ದೀಪವೊಂದು ರಾತ್ರಿಯಿಡೀ ಉರಿಯುತ್ತಿರಲಿ. ನಡೆದಾಡಿದಾಗ ತಾನಾಗಿ ಹೊತ್ತಿಕೊಳ್ಳುವ ಪುಟ್ಟ ದೀಪಗಳೂ ಈಗ ಸಿಗುತ್ತವೆ. ಮಂಚದಿಂದ ಒಮ್ಮೆಲೇ ಎದ್ದು ನಿಲ್ಲಬೇಡಿ. ಮಲಗಿದವರು ಥಟ್ಟನೆ ಎದ್ದರೆ ರಕ್ತ ಕಾಲಿಗೆ ಇಳಿದು, ಬಿಪಿ ಕ್ಷಣಕಾಲ ಕುಸಿದು ತಲೆ ಸುತ್ತುತ್ತದೆ. ಬಿಪಿ ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಹೆಚ್ಚು. ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತುಕೊಳ್ಳಿ. ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ. ದಾರಿಯಲ್ಲಿ ಸಣ್ಣ ಚಾಪೆ, ವೈರು ಇದ್ದರೆ ಇವತ್ತೇ ತೆಗೆಸಿ. ಬಚ್ಚಲಿನಲ್ಲಿ ಟವೆಲ್ ಹಾಕುವ ಕಂಬಿಯನ್ನು ಆಸರೆಗೆ ಹಿಡಿಯಲೇಬೇಡಿ, ಅದು ಬಟ್ಟೆಯ ಭಾರಕ್ಕೆ ಮಾತ್ರ ಕೂರಿಸಿದ್ದು. ಮನುಷ್ಯನ ಭಾರ ತಡೆಯುವ ಹಿಡಿಕೆಯನ್ನು ಗೋಡೆಗೆ ಭದ್ರವಾಗಿ ಕೂರಿಸಿಕೊಳ್ಳಬೇಕು.

ಇನ್ನು ಕುರ್ಚಿ. ಮೆತ್ತನೆಯ, ಆಳವಾದ ಸೋಫಾ ನೋಡಲು ಚೆಂದ. ಅದರಲ್ಲಿ ಕೂತರೆ ಏಳುವುದೇ ಒಂದು ಕೆಲಸ. ಏಳುವುದು ಕಷ್ಟ ಅಂತಾದರೆ ನಾವು ಏಳುವುದನ್ನೇ ಕಡಿಮೆ ಮಾಡುತ್ತೇವೆ. ಕಿಟಕಿಯ ಹೊರಗೆ ಏನೋ ಸದ್ದಾದರೆ ನೋಡಲು ಹೋಗುವುದಿಲ್ಲ, ಬಾಗಿಲಿಗೆ ಯಾರೋ ಬಂದರೆ ಬೇರೆಯವರು ತೆಗೆಯಲಿ ಅಂತ ಕಾಯುತ್ತೇವೆ. ಹಾಗೆ ಏಳದೇ ಕೂತರೆ ತೊಡೆಯ ಶಕ್ತಿಯೂ ಇಳಿಯುತ್ತದೆ. ಒಳ್ಳೆಯ ಕುರ್ಚಿಯ ಆಸನ ನಿಮ್ಮ ಮೊಣಕಾಲಿನಷ್ಟೇ ಎತ್ತರ ಇರಬೇಕು, ಹೆಚ್ಚಿನವರಿಗೆ 45 ಸೆಂಟಿಮೀಟರ್ ಆಸುಪಾಸು. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಕೈ ಊರಲು ಗಟ್ಟಿ ಹಿಡಿಕೆ ಬೇಕೇ ಬೇಕು. ಏಳುವಾಗ ಆಸನದ ಮುಂದಿನ ಅಂಚಿಗೆ ಸರಿಯಿರಿ, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಮೈ ಮುಂದಕ್ಕೆ ಬಾಗಿಸಿ ಹಿಡಿಕೆ ಒತ್ತಿ. ಯಾರೂ ಕೈ ಕೊಡಬೇಕಾಗಿಲ್ಲ. ದಿನಕ್ಕೆ ಕೆಲವು ಸಲ ಹೀಗೆ ಬೇಕಂತಲೇ ಎದ್ದು ಕೂತರೆ ಅದೇ ತೊಡೆಗೆ ವ್ಯಾಯಾಮ.

ಕುರ್ಚಿ ಎಲ್ಲಿಡಬೇಕು ಅನ್ನುವುದನ್ನೂ ಯೋಚಿಸಿ. ಹೆಚ್ಚಿನ ಮನೆಗಳಲ್ಲಿ ಹಿರಿಯರ ಕುರ್ಚಿ ಟಿವಿಯ ಎದುರು ಇರುತ್ತದೆ. ನನ್ನನ್ನು ಕೇಳಿದರೆ ಅದು ಕಿಟಕಿಯ ಎದುರು ಇರಬೇಕು. ಹೊರಗೆ ಏನು ನಡೆಯುತ್ತದೆ ಅಂತ ಟಿವಿಯವರಿಗಿಂತ ಕಿಟಕಿಗೇ ಚೆನ್ನಾಗಿ ಗೊತ್ತು! ಯಾವ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಮಗು ಶಾಲೆಗೆ ಅಳುತ್ತಾ ಹೋಗುತ್ತದೆ, ಎಲ್ಲ ತಿಳಿಯುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯ ಗಡಿಯಾರವೂ ಸರಿಯಾಗಿ ನಡೆಯುತ್ತದೆ. ಆದರೆ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಡಿ ವಿಟಮಿನ್ ಸಿಗುತ್ತದೆ ಅಂದುಕೊಳ್ಳಬೇಡಿ. ಚರ್ಮ ಅದನ್ನು ತಯಾರಿಸಲು ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆದುಬಿಡುತ್ತದೆ. ಅದಕ್ಕೆ ಹೊರಗೇ ಬರಬೇಕು.

ನಸುಕಿನಲ್ಲೇ ಎಚ್ಚರವಾಗುತ್ತದೆ ಅಂತ ದೂರುವವರು ಬಹಳ. ವಯಸ್ಸಾದಂತೆ ನಿದ್ದೆಯ ಹೊತ್ತು ಹಿಂದಕ್ಕೆ ಸರಿಯುತ್ತದೆ. ಬೇಗ ತೂಕಡಿಕೆ, ಬೇಗ ಎಚ್ಚರ. ಇದು ಮೈಯ ಸಹಜ ಬದಲಾವಣೆ. ಹೊರಳಾಡುತ್ತಾ, ಯಾವುದೋ ಕಾಲದ ಮಾತನ್ನು ಮನಸ್ಸಿನಲ್ಲೇ ಕೆದಕುತ್ತಾ ಮಲಗಿರುವುದಕ್ಕಿಂತ ಎದ್ದುಬಿಡುವುದೇ ವಾಸಿ. ಇಡೀ ಮನೆ ಮಲಗಿರುವ ಆ ಒಂದು ಗಂಟೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ನಡುವಯಸ್ಸಿನಲ್ಲಿ ಇಂಥ ಒಂದು ಗಂಟೆ ಸಿಗಲಿ ಅಂತ ಎಷ್ಟು ಹಂಬಲಿಸುತ್ತಿದ್ದೆವು! ಕನ್ನಡಕ, ಪುಸ್ತಕ, ಹೊದಿಕೆ, ನೀರು ಎಲ್ಲ ರಾತ್ರಿಯೇ ಕುರ್ಚಿಯ ಪಕ್ಕ ತಂದಿಟ್ಟುಕೊಳ್ಳಿ. ಕತ್ತಲೆಯಲ್ಲಿ ಕಪಾಟು ತಡಕಾಡಿ ಎಲ್ಲರನ್ನೂ ಎಬ್ಬಿಸಿದರೆ ಆ ಸುಖವೂ ಹೋಯಿತು, ಬೈಗುಳವೂ ಸಿಕ್ಕಿತು. ಹಗಲಲ್ಲಿ ಒಂದು ಸಣ್ಣ ನಿದ್ದೆ ಮಾಡಬಹುದು. 20–30 ನಿಮಿಷ ಸಾಕು, ಮಧ್ಯಾಹ್ನ ಮೂರರ ಒಳಗೆ. ಸಂಜೆ ನಿದ್ದೆ ಹೋದರೆ ರಾತ್ರಿಯ ನಿದ್ದೆಯಲ್ಲಿ ಅಷ್ಟು ಕಡಿತ. ಕಾಫಿ, ಟೀ ಕುಡಿಯುವವರು ಮಧ್ಯಾಹ್ನಕ್ಕೇ ನಿಲ್ಲಿಸಿದರೆ ಒಳ್ಳೆಯದು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು, ಸಂಜೆ ಕುಡಿದರೆ ಉಳಿದರ್ಧ ಮಲಗುವ ಹೊತ್ತಿಗೂ ಮೈಯಲ್ಲೇ ಇರುತ್ತದೆ.

ನೀರಿನ ವಿಷಯ. ವಯಸ್ಸಾದಂತೆ ಬಾಯಾರಿಕೆಯ ಸೂಚನೆ ಮಂದವಾಗುತ್ತದೆ. ಮೈಗೆ ನೀರು ಬೇಕಿದ್ದರೂ ನಾಲಿಗೆ ಹೇಳುವುದಿಲ್ಲ. ಹಾಗಾಗಿ ಬಾಯಾರಿಕೆಗೆ ಕಾಯಬೇಡಿ. ಮಾತ್ರೆ ತಗೊಳ್ಳುವಾಗ, ಊಟಕ್ಕೆ ಕೂತಾಗ, ಹೊರಗಿಂದ ಬಂದಾಗ ಹೀಗೆ ಯಾವುದಾದರೂ ಕೆಲಸಕ್ಕೆ ಒಂದು ಲೋಟ ನೀರನ್ನು ಜೋಡಿಸಿಬಿಡಿ. ಹೃದಯ ಅಥವಾ ಕಿಡ್ನಿಯ ತೊಂದರೆಗೆ ನೀರು ಮಿತವಾಗಿ ಕುಡಿಯಿರಿ ಅಂತ ಡಾಕ್ಟರು ಹೇಳಿದ್ದರೆ ಅವರ ಮಾತೇ ಅಂತಿಮ.

ಮಾತುಕತೆಯ ಸುಖ ತಪ್ಪಿಹೋಗುವುದು ಕಿವಿಯಿಂದ. ಕಿವಿ ಮಂದವಾಗುವಾಗ ಎಲ್ಲ ಸದ್ದೂ ಒಂದೇ ಸಮ ಇಳಿಯುವುದಿಲ್ಲ. ಕೀಚಲು ಸದ್ದುಗಳು ಮೊದಲು ಹೋಗುತ್ತವೆ. ಮಾತಿನಲ್ಲಿ ಸ, ಶ, ಫ ಅಂಥ ಅಕ್ಷರಗಳು ಅಲ್ಲೇ ಇರುವುದು. ಅದಕ್ಕೇ "ಮಾತು ಕೇಳಿಸುತ್ತದೆ, ಏನು ಅಂದದ್ದು ಅಂತ ತಿಳಿಯುವುದಿಲ್ಲ" ಅನ್ನುತ್ತೇವೆ. ಕಿರುಚಿದರೆ ಪ್ರಯೋಜನ ಇಲ್ಲ, ಕಿರುಚಿದ ಮಾತು ಇನ್ನೂ ಕಲಸಿಹೋಗುತ್ತದೆ. ಮನೆಯವರಿಗೆ ಹೇಳಿ: ಎದುರಿಗೆ ಬಂದು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನ ಮಾತಾಡಿ. ಪಕ್ಕದ ಕೋಣೆಯಿಂದ ಕೂಗಬೇಡಿ. ಟಿವಿ ಆರಿಸಿ, ಫ್ಯಾನು ಸದ್ದು ಮಾಡುತ್ತಿದ್ದರೆ ಕಡಿಮೆ ಮಾಡಿ. ತುಂಬ ಜನ ಸೇರಿದ ಕಡೆ ಗೋಡೆಗೆ ಬೆನ್ನು ಮಾಡಿ ಕೂತರೆ ಹಿಂದಿನ ಗಲಾಟೆಯಾದರೂ ತಪ್ಪುತ್ತದೆ. ಬರಿಗೋಡೆಯ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ, ದಪ್ಪ ಪರದೆ ಹಾಕಿದರೆ ಎಷ್ಟೋ ಉತ್ತಮ. ಇಷ್ಟಾದರೂ ಕಷ್ಟ ಅಂದರೆ ಕಿವಿ ಪರೀಕ್ಷೆ ಮಾಡಿಸಿ. ಕನ್ನಡಕ ಹಾಕಲು ಇಲ್ಲದ ನಾಚಿಕೆ ಶ್ರವಣ ಸಾಧನಕ್ಕೆ ಯಾಕೆ? ಕೇಳಿಸದೆ ಸುಮ್ನೆ ನಕ್ಕು ತಲೆಯಾಡಿಸುವುದು ನಮ್ಮವರಲ್ಲಿ ದೊಡ್ಡ ರೋಗ. ಹಾಗೆ ತಲೆಯಾಡಿಸಿ ಏನೇನಕ್ಕೋ ಒಪ್ಪಿಕೊಂಡವರನ್ನು ನೋಡಿದ್ದೇನೆ!

ಮೂಗೂ ಅಷ್ಟೇ, ವಯಸ್ಸಿನ ಜೊತೆ ಮಂದವಾಗುತ್ತದೆ. ಆಹಾರ ಹಳಸಿದ್ದು, ಗ್ಯಾಸ್ ಸೋರುತ್ತಿರುವುದು ತಟ್ಟನೆ ಗೊತ್ತಾಗದಿರಬಹುದು. ಡಬ್ಬಿ ಒಡೆದ ದಿನವನ್ನು ಮೇಲೆ ಬರೆದಿಡಿ. ಗ್ಯಾಸ್ ಸೋರಿದರೆ ಕೂಗುವ ಯಂತ್ರವನ್ನೂ ಹಾಕಿಸಬಹುದು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ಹಾಗಾಗಿ ಆ ಯಂತ್ರ ನೆಲದ ಹತ್ತಿರ ಇರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕಾದರೆ ಸೂರಿನ ಹತ್ತಿರ.

ಬಿಗಿ ಮುಚ್ಚಳದ ಉಪಾಯ ಹಲವರಿಗೆ ಗೊತ್ತಿರುತ್ತದೆ. ಗಾಜಿನ ಬಾಟಲಿಯ ಲೋಹದ ಮುಚ್ಚಳವನ್ನು ಅರ್ಧ ನಿಮಿಷ ಬಿಸಿ ನೀರಿಗೆ ಹಿಡಿಯಿರಿ. ಲೋಹ ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ, ಬಿಗಿ ಸಡಿಲಾಗುತ್ತದೆ. ರಬ್ಬರ್ ಕೈಗವಸು ಹಾಕಿ ತಿರುಗಿಸಿದರೆ ಜಾರುವುದೂ ಇಲ್ಲ. ಒಮ್ಮೆ ತೆಗೆದ ಮೇಲೆ ದಿನಾ ಬಳಸುವುದನ್ನು ಸಡಿಲ ಮುಚ್ಚಳದ ಡಬ್ಬಿಗೆ ಸುರಿದಿಡಿ. ಆ ಡಬ್ಬಿ ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇರಲಿ. ಅಟ್ಟದ ಮೇಲಿನದ್ದಕ್ಕೆ ಸ್ಟೂಲು ಹತ್ತುವ ಸಾಹಸ ಇನ್ನು ಸಾಕು.

ಗಿಡ ಸಾಕುವುದನ್ನು ಮಾತ್ರ ಬಿಡಬೇಡಿ. ನಾಳೆ ಮೊಗ್ಗು ಒಡೆಯುತ್ತದೋ ಇಲ್ಲವೋ ಅಂತ ಕುತೂಹಲ ಇದ್ದರೆ ಬೆಳಗ್ಗೆ ಏಳಲು ಒಂದು ನೆಪ ಸಿಗುತ್ತದೆ. ಅಡ್ಡಿ ಬರುವುದು ಬಗ್ಗುವುದರಲ್ಲಿ, ಭಾರ ಎತ್ತುವುದರಲ್ಲಿ. ಕುಂಡಗಳನ್ನು ಸೊಂಟದೆತ್ತರದ ಗಟ್ಟಿ ಬೆಂಚಿನ ಮೇಲೆ ಸಾಲಾಗಿ ಇಡಿಸಿ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ, 10 ಲೀಟರಿನ ಬಕೆಟ್ಟು ಹೊರುವುದು ಯಾಕೆ? ಒಂದೂವರೆ ಲೀಟರಿನ ಸಣ್ಣ ಪಾತ್ರೆಯಲ್ಲಿ ನಾಲ್ಕು ಸಲ ಓಡಾಡಿ, ನಡಿಗೆಯೂ ಆಯಿತು. ನೀರು ಹಾಕುವ ಮೊದಲು ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ. ತೇವ ಇದ್ದರೆ ಅವತ್ತು ಬೇಡ. ಮನೆಯೊಳಗಿನ ಗಿಡಗಳು ಸಾಯುವುದು ಹೆಚ್ಚಾಗಿ ಪ್ರೀತಿ ಜಾಸ್ತಿಯಾಗಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮಣ್ಣು ಮುಟ್ಟುವಾಗ ಗಾಯ ಇದ್ದರೆ ಕೈಗವಸು ಹಾಕಿಕೊಳ್ಳಿ.

ಮಳೆ ಹಿಡಿದು ಹೊರಗೆ ಹೋಗಲಾಗದ ದಿನಗಳಿಗೆ ಒಂದು ಕೆಲಸ ಇಟ್ಟುಕೊಳ್ಳಿ. ಹಳೆಯ ಫೋಟೊಗಳು. ಪ್ರತಿಯೊಂದರಲ್ಲೂ ಯಾರಿದ್ದಾರೆ, ಯಾವ ವರ್ಷ, ಎಲ್ಲಿ ಅಂತ ಬರೆದಿಡಬೇಕು. ನಮ್ಮ ನಂತರ ಅವರ ಹೆಸರು ಹೇಳುವವರು ಇರುವುದಿಲ್ಲ. ಹಳೆಯ ಕಾಗದದ ಫೋಟೊ ಆದರೆ ಹಿಂದೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ, ಶಾಯಿಯೂ ಹರಡಬಹುದು. ಈಚಿನ ಫೋಟೊಗಳ ಹಿಂದೆ ಪ್ಲಾಸ್ಟಿಕ್ ಲೇಪ ಇರುತ್ತದೆ, ಪೆನ್ಸಿಲ್ ಹತ್ತುವುದಿಲ್ಲ. ಅವುಗಳನ್ನು ಕಾಗದದ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯಿರಿ, ಫೋಟೊ ಹಾಕುವ ಮೊದಲೇ. ಅಂಟು ಹಾಳೆಯ ಆಲ್ಬಮ್ಮುಗಳು ಫೋಟೊವನ್ನು ಕಚ್ಚಿ ಹಿಡಿದು ಹಾಳುಮಾಡುತ್ತವೆ. ಅಂಥದರಲ್ಲಿ ಇದ್ದರೆ ಎಳೆಯಬೇಡಿ. ಹಲ್ಲಿನ ಸಂದು ಶುಚಿ ಮಾಡಲು ಬಳಸುವ ಸಪೂರ ದಾರವನ್ನು (ಡೆಂಟಲ್ ಫ್ಲಾಸ್) ಫೋಟೊದ ಹಿಂದೆ ತೂರಿಸಿ ನಿಧಾನ ಬಿಡಿಸಬಹುದು. ಬರದೇ ಹೋದರೆ ಹಾಳೆಯ ಸಮೇತ ಫೋನಿನಲ್ಲಿ ಫೋಟೊ ತೆಗೆಸಿಡಿ.

ಮೊಮ್ಮಕ್ಕಳು ಹತ್ತಿರ ಇದ್ದರೆ ಅವರನ್ನೇ ಕೂರಿಸಿಕೊಂಡು ಬರೆಸಿ. ನೀವು ಹೇಳುವುದನ್ನು ಅವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಒಂದು ಸಲಕ್ಕೆ ಹತ್ತು ಫೋಟೊ ಸಾಕು, ಜಾಸ್ತಿಯಾದರೆ ಅವರಿಗೂ ಬೇಜಾರು. ಆದರೆ ಅಜ್ಜನ ಉದ್ದ ಕೂದಲು, ಅಜ್ಜಿಯ ಕಪ್ಪು ಕನ್ನಡಕ ಇರುವ ಫೋಟೊ ಒಂದೆರಡನ್ನು ನಡುವೆ ಸೇರಿಸಿಡಿ. ಹನ್ನೊಂದನೆಯದನ್ನು ಅವರೇ ಕೇಳುತ್ತಾರೆ.