ತೆರೆಯದ ಕಡತಗಳನ್ನು ತೆರೆದ ಬಗೆ

ನನ್ನ ಅಧ್ಯಯನಕ್ಕೆ ಬೇಕಾಗಿದ್ದ ಒಂದು ಹಳೆಯ ಜಾಲತಾಣದಿಂದ ವರದಿಗಳು, ಉಪನ್ಯಾಸಗಳ ಧ್ವನಿಮುದ್ರಣಗಳು, ಚಿತ್ರಗಳು, ವಿಡಿಯೊಗಳೆಲ್ಲ ಸೇರಿ 400ಕ್ಕೂ ಹೆಚ್ಚು ಕಡತಗಳನ್ನು ಇಳಿಸಿಕೊಳ್ಳಬೇಕಾಗಿ ಬಂದಿತ್ತು. ಹಲವು ವರ್ಷಗಳ ಅವಧಿಯಲ್ಲಿ ಬೇರೆ ಬೇರೆಯವರು ಆಯಾ ಕಾಲಕ್ಕೆ ಕೈಗೆ ಸಿಕ್ಕ ತಂತ್ರಾಂಶದಲ್ಲಿ ಸಿದ್ಧಪಡಿಸಿ ಏರಿಸಿದ್ದ ಕಡತಗಳು ಅವು. ಹಾಗಾಗಿ ಪಿಡಿಎಫ್ ಪಕ್ಕದಲ್ಲಿ ಹಳೆಯ ವರ್ಡ್ ಕಡತ, ಎಂಪಿ3 ಪಕ್ಕದಲ್ಲಿ ರಿಯಲ್ ಆಡಿಯೊ ಎಂಬ ಹಳೆಯ ಬಗೆಯ ಧ್ವನಿ ಕಡತ, ಅದರ ಬದಿಯಲ್ಲೇ ಫ್ಲ್ಯಾಶ್ ಪ್ರದರ್ಶಿಕೆ ಎಂಬಂತೆ ಎಲ್ಲವೂ ಬೆರೆತುಹೋಗಿದ್ದವು. ಮೊದಲ ದಿನವೇ ಅವುಗಳಲ್ಲಿ ಬಹಳಷ್ಟು ತೆರೆಯಲಿಲ್ಲ.

ಆರಂಭದಲ್ಲಿ ನಾನು ಹಿಡಿದ ದಾರಿ ಸರಿಯಿರಲಿಲ್ಲ. ತೆರೆಯದ ಒಂದೊಂದು ಕಡತಕ್ಕೂ ಒಂದೊಂದು ಹೊಸ ತಂತ್ರಾಂಶ ಹುಡುಕಿ ಅಳವಡಿಸುತ್ತ ಹೋದೆ. ‘ಈ ಕಡತ ನೋಡಲು ಈ ಪ್ಲೇಯರ್ ಬೇಕು’ ಎಂದು ಬರುವ ಗುಂಡಿಗಳನ್ನು ಒತ್ತಿದಾಗ ಬೇಡದ ತಂತ್ರಾಂಶಗಳು ಒಳಸೇರುವ ಅಪಾಯವೇ ಹೆಚ್ಚು ಎಂಬುದು ಎರಡು ದಿನಗಳಲ್ಲಿ ಅರಿವಾಯಿತು. ಕಡತ ಯಾವುದೆಂದು ಗುರುತಿಸದೆ ಸಾಧನ ಹುಡುಕುವುದರಲ್ಲಿ ಅರ್ಥವಿಲ್ಲವೆಂದು ಆಮೇಲೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ.

ಆ ಬದಲಾವಣೆಗೆ ಕಾರಣವಾದದ್ದು ಒಂದು ಪಿಡಿಎಫ್. ನೂರಾರು ಪುಟಗಳ ವರದಿ ಎಂದು ಜಾಲತಾಣದಲ್ಲಿ ನಮೂದಾಗಿತ್ತು. ಇಳಿದು ಬಂದ ಕಡತದ ಗಾತ್ರ ಮಾತ್ರ 4 ಕೆಬಿ. ಪಿಡಿಎಫ್ ರೀಡರ್ ‘ಕಡತ ಹಾಳಾಗಿದೆ’ ಎನ್ನುತ್ತಿತ್ತು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ನಿಜವಾದ ಪಿಡಿಎಫ್ ಆಗಿದ್ದರೆ ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ಅದರ ಬೆನ್ನಿಗೇ ಪಿಡಿಎಫ್ ಎಂಬ ಮೂರು ಅಕ್ಷರಗಳು, ಒಂದು ಅಡ್ಡಗೆರೆ ಮತ್ತು ಆವೃತ್ತಿ ಸಂಖ್ಯೆ ಕಾಣಬೇಕು. ಇಲ್ಲಿ ಕಂಡದ್ದು ಒಂದು ಎಚ್‌ಟಿಎಂಎಲ್ ಪುಟ, ಅಂದರೆ ಜಾಲಪುಟ; ಅದರ ನಡುವೆ, ದಯವಿಟ್ಟು ಲಾಗಿನ್ ಆಗಿ ಎಂಬ ಅರ್ಥದ ಒಂದು ವಾಕ್ಯ. ಕಡತ ಹಾಳಾಗಿರಲಿಲ್ಲ, ಕಡತ ಬಂದೇ ಇರಲಿಲ್ಲ. ಲಾಗಿನ್ ಆಗಿ ಮತ್ತೆ ಇಳಿಸಿಕೊಂಡಾಗ ವರದಿ ಸಲೀಸಾಗಿ ತೆರೆಯಿತು.

ಅಂದಿನಿಂದ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳನ್ನಷ್ಟೇ ನೆಚ್ಚಿಕೊಳ್ಳುವುದನ್ನು ಬಿಟ್ಟೆ. ಅದು ಯಾರು ಬೇಕಾದರೂ ಬದಲಿಸಬಹುದಾದ ಹಣೆಪಟ್ಟಿ. ಕಡತದ ಗುರುತು ಹೆಚ್ಚಿನ ಫಾರ್ಮ್ಯಾಟ್‌ಗಳಲ್ಲಿ ಅದರ ಮೊದಲ ಕೆಲವು ಬೈಟ್‌ಗಳಲ್ಲೇ ಇರುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಫೈಲ್’ ಎಂಬ ಪುಟ್ಟ ಆಜ್ಞೆ ಈ ಗುರುತನ್ನು ಓದಿ ಹೇಳುತ್ತದೆ. ಇಡೀ ಫೋಲ್ಡರನ್ನು ಒಮ್ಮೆಗೇ ಪರಿಶೀಲಿಸಲು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಉಚಿತವಾಗಿ ಒದಗಿಸಿರುವ ‘ಡ್ರಾಯ್ಡ್’ ಎಂಬ ತಂತ್ರಾಂಶವನ್ನು ಬಳಸಿದೆ. ಡಾಕ್ ಎಂಬ ಹೆಸರು ಹೊತ್ತ ಹಲವು ಕಡತಗಳು ಒಳಗೆ ಆರ್‌ಟಿಎಫ್ ಎಂಬ ಬೇರೆ ಬಗೆಯ ಪಠ್ಯ ಕಡತಗಳಾಗಿದ್ದವು ಎಂಬುದು ತಿಳಿದದ್ದು ಹೀಗೆ.

ಕೆಲವು ಕೊಂಡಿಗಳನ್ನು ಒತ್ತಿದರೆ ಬ್ರೌಸರ್ ತುಂಬ ಅರ್ಥವಾಗದ ಅಕ್ಷರಗಳು ಹರಡಿಕೊಳ್ಳುತ್ತಿದ್ದವು. ಇದು ಕಡತದ ದೋಷವಲ್ಲ. ಪ್ರತಿ ಕಡತದ ಜೊತೆಗೆ ಸರ್ವರ್, ಕಡತದ ಬಗೆ ಯಾವುದೆಂದು ತಿಳಿಸುವ ‘ಕಂಟೆಂಟ್ ಟೈಪ್’ ಎಂಬ ಹೆಡರ್ ಕಳುಹಿಸುತ್ತದೆ. ಅದರಲ್ಲಿ ಸರಳ ಪಠ್ಯ ಎಂದು ತಪ್ಪಾಗಿ ಬರೆದಿದ್ದರೆ ಬ್ರೌಸರ್ ಅದನ್ನು ನಂಬಿ ಪಠ್ಯವಾಗಿಯೇ ತೋರಿಸಲು ಹೊರಡುತ್ತದೆ. ಕೊಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಕಡತವನ್ನು ನೇರವಾಗಿ ಉಳಿಸಿಕೊಂಡರೆ ಸಾಕು.

ದಾಖಲೆಗಳ ಪೈಕಿ ನನಗೆ ಅತಿ ಹೆಚ್ಚು ಉಪಯೋಗವಾದ ತಿಳಿವಳಿಕೆ ಎಂದರೆ ಡಾಕ್ಸ್, ಪಿಪಿಟಿಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಓಡಿಟಿ, ಇಪಬ್ ಇವೆಲ್ಲವೂ ಒಳಗೆ ಜಿಪ್ ಕಡತಗಳೇ, ಅಂದರೆ ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿದ ಗಂಟುಗಳೇ ಎಂಬುದು. ಅವುಗಳ ಮೊದಲ ಎರಡು ಬೈಟ್‌ಗಳು ಪಿ ಮತ್ತು ಕೆ, ಅಂದರೆ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವರ್ಡ್ ತೆರೆಯಲೊಪ್ಪದ ಒಂದು ಡಾಕ್ಸ್ ಕಡತದ ಪ್ರತಿ ತೆಗೆದು, ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದೆ. ‘ವರ್ಡ್’ ಎಂಬ ಫೋಲ್ಡರಿನೊಳಗೆ ‘ಮೀಡಿಯಾ’ ಎಂಬ ಇನ್ನೊಂದು ಫೋಲ್ಡರ್ ಇತ್ತು. ವರದಿಯ ಎಲ್ಲ ಛಾಯಾಚಿತ್ರಗಳೂ ಅಲ್ಲಿ ಜೆಪಿಇಜಿ ಕಡತಗಳಾಗಿ ಸಾಲಾಗಿ ಕುಳಿತಿದ್ದವು. ಪಠ್ಯವೂ ಪಕ್ಕದ ಎಕ್ಸ್‌ಎಂಎಲ್ ಕಡತದಲ್ಲಿ ಭದ್ರವಾಗಿತ್ತು. 2007ಕ್ಕಿಂತ ಹಿಂದಿನ ಡಾಕ್ ಕಡತಗಳಿಗೆ ಈ ಉಪಾಯ ನಡೆಯುವುದಿಲ್ಲ; ಅವುಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆ. ಮೂಲ ಫಾಂಟ್ ಇಲ್ಲದಿದ್ದರೆ ಸಾಲುಗಳು ಸರಿದು ಪುಟಸಂಖ್ಯೆ ಬದಲಾಗುವುದರಿಂದ, ಪುಟವನ್ನು ಉಲ್ಲೇಖಿಸುವಾಗ ಎಚ್ಚರ ಬೇಕು.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳ ಸಮಸ್ಯೆ ಬೇರೆ. ಅವು ತೆರೆಯುತ್ತವೆ, ಆದರೆ ಅವುಗಳಲ್ಲಿ ಪಠ್ಯವೇ ಇರುವುದಿಲ್ಲ. ಒಂದು ಪದವನ್ನು ಮೌಸ್‌ನಿಂದ ಆಯ್ದುಕೊಳ್ಳಲು ಯತ್ನಿಸಿದರೆ ಇದು ಗೊತ್ತಾಗುತ್ತದೆ. ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನೆರವಿನಿಂದ ಓದುವವರಿಗೆ ಇಂಥ ಕಡತ ಬರಿಯ ಖಾಲಿ ಹಾಳೆ, ಮತ್ತು ಇದನ್ನು ಸಣ್ಣ ಕೊರತೆ ಎಂದು ಬಿಟ್ಟುಬಿಡಲು ನಾನು ಒಪ್ಪುವುದಿಲ್ಲ. 2005ರಿಂದ ಮುಕ್ತ ತಂತ್ರಾಂಶವಾಗಿರುವ ಟೆಸರ‍್ಯಾಕ್ಟ್, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಅದನ್ನೇ ಬಳಸಿಕೊಳ್ಳುವ ಓಸಿಆರ್‌ಮೈಪಿಡಿಎಫ್ ಎಂಬ ಸಾಧನ, ಪುಟದ ನೋಟವನ್ನು ಹಾಗೆಯೇ ಉಳಿಸಿ ಅದರೊಂದಿಗೆ ಹುಡುಕಬಲ್ಲ, ಕಣ್ಣಿಗೆ ಕಾಣದ ಪಠ್ಯದ ಪದರವೊಂದನ್ನು ಸೇರಿಸುತ್ತದೆ. ಮಸುಕಾದ ಪುಟಗಳಲ್ಲಿ ತಪ್ಪುಗಳು ಉಳಿದವು; ಅಂಕಿಗಳನ್ನಂತೂ ಒಂದೊಂದಾಗಿ ಮೂಲದೊಂದಿಗೆ ಹೋಲಿಸಿ ನೋಡಿದೆ.

ವಿಡಿಯೊಗಳ ವಿಷಯದಲ್ಲಿ ಪೆಟ್ಟಿಗೆ ಬೇರೆ, ಒಳಗಿನ ಸರಕು ಬೇರೆ ಎಂಬುದನ್ನು ಅರಿಯಬೇಕಾಯಿತು. ಎಂಪಿ4, ಎಂಕೆವಿ, ಎವಿಐ ಎಂಬವು ಪೆಟ್ಟಿಗೆಗಳ ಹೆಸರುಗಳು. ಒಳಗಿನ ದೃಶ್ಯ ಮತ್ತು ಧ್ವನಿಯನ್ನು ಸಂಕೇತಿಸಿದ ರೀತಿಗೆ ಕೋಡೆಕ್ ಎನ್ನುತ್ತಾರೆ. ಎರಡು ಎಂಪಿ4 ಕಡತಗಳಲ್ಲಿ ಒಂದು ಚೆನ್ನಾಗಿ ಓಡಿ, ಇನ್ನೊಂದರಲ್ಲಿ ಧ್ವನಿ ಮಾತ್ರ ಕೇಳಿ ಪರದೆ ಕಪ್ಪಾಗಿಯೇ ಉಳಿದಾಗ, ವಿಎಲ್‌ಸಿ ಪ್ಲೇಯರ್‌ನ ಟೂಲ್ಸ್ ಮೆನುವಿನಲ್ಲಿರುವ ಕೋಡೆಕ್ ಮಾಹಿತಿಯನ್ನು ನೋಡಿದೆ. ಮೊದಲನೆಯದು ಎಚ್.264, ಎರಡನೆಯದು ಎಚ್.265. ನನ್ನ ಮಾಮೂಲಿ ಪ್ಲೇಯರ್‌ಗೆ ಎರಡನೆಯದು ತಿಳಿಯದು, ವಿಎಲ್‌ಸಿಗೆ ಎರಡೂ ತಿಳಿಯುತ್ತವೆ.

ಇನ್ನು ಕೆಲವು ಎಂಪಿ4ಗಳು ಪೂರ್ತಿ ಇಳಿದ ಹೊರತು ಬ್ರೌಸರಿನಲ್ಲಿ ಓಡಲು ಶುರುವಾಗುತ್ತಿರಲಿಲ್ಲ. ಯಾವ ದೃಶ್ಯ ಎಲ್ಲಿದೆ ಎಂದು ತಿಳಿಸುವ ಸೂಚಿ ಕಡತದ ಕೊನೆಯಲ್ಲಿದ್ದದ್ದು ಇದಕ್ಕೆ ಕಾರಣ. ಧ್ವನಿ, ವಿಡಿಯೊ ಕಡತಗಳನ್ನು ಪರಿವರ್ತಿಸುವ ಎಫ್ಎಫ್ಎಂಪೆಗ್ ಎಂಬ ತಂತ್ರಾಂಶದ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಆ ಸೂಚಿಯನ್ನು ಮುಂದಕ್ಕೆ ತರುತ್ತದೆ. ‘ಕಾಪಿ’ ಎಂದು ಸೂಚಿಸಿದರೆ ದೃಶ್ಯವನ್ನು ಮತ್ತೆ ಸಂಕೇತಿಸುವುದಿಲ್ಲವಾದ್ದರಿಂದ ಗುಣಮಟ್ಟ ಕಿಂಚಿತ್ತೂ ಕುಂದದೆ ಕೆಲಸ ಬೇಗ ಮುಗಿಯುತ್ತದೆ. ಮರುಸಂಕೇತನವನ್ನು ಅನಿವಾರ್ಯವಾದಾಗ ಮಾತ್ರ ಮಾಡಿದೆ, ಅದೂ ಪ್ರತಿಯ ಮೇಲೆ. ಮೂಲ ಕಡತಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು ‘ಓದಲು ಮಾತ್ರ’ ಎಂದು ಗುರುತು ಹಾಕಿದ್ದೆ.

ಫ್ಲ್ಯಾಶ್ ಪ್ಲೇಯರಿಗೆ ಅಡೋಬಿಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಎಫ್ಎಲ್‌ವಿ ಕಡತಗಳು ಕೇವಲ ವಿಡಿಯೊಗಳಾದ್ದರಿಂದ ವಿಎಲ್‌ಸಿಯಲ್ಲೇ ಓಡಿದವು. ಗುಂಡಿ ಒತ್ತಿ ಮುಂದುವರಿಯುವ ಎಸ್‌ಡಬ್ಲ್ಯುಎಫ್ ಪ್ರದರ್ಶಿಕೆಗಳಿಗೆ ‘ರಫಲ್’ ಎಂಬ ಮುಕ್ತ ತಂತ್ರಾಂಶ ಆಸರೆಯಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಉಪನ್ಯಾಸಗಳ ಧ್ವನಿಮುದ್ರಣಗಳು. ಅವುಗಳ ಹೆಸರು ‘ರ‍್ಯಾಮ್’ ಎಂದು ಕೊನೆಯಾಗುತ್ತಿತ್ತು. ಒಂದೊಂದರ ಗಾತ್ರ ನೂರು ಬೈಟ್ ಕೂಡ ಇರಲಿಲ್ಲ. ಒಂದು ಗಂಟೆಯ ಮಾತು ಅಷ್ಟರಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಇದ್ದದ್ದು ಒಂದೇ ಸಾಲು: ಆರ್‌ಟಿಎಸ್‌ಪಿ (ಧ್ವನಿ, ವಿಡಿಯೊಗಳನ್ನು ಜಾಲದ ಮೂಲಕ ಹರಿಸುವ ಒಂದು ವಿಧಾನ) ಎಂದು ಆರಂಭವಾಗುವ ಒಂದು ವಿಳಾಸ, ಅದರ ತುದಿಯಲ್ಲಿ ನಿಜವಾದ ಧ್ವನಿ ಕಡತದ ಹೆಸರು. ರ‍್ಯಾಮ್ ಎಂಬುದು ರಿಯಲ್ ಆಡಿಯೊ ಕಡತಕ್ಕೆ ದಾರಿ ತೋರಿಸುವ ಚೀಟಿ ಮಾತ್ರ. ವಿಳಾಸದ ಆರಂಭವನ್ನು ಎಚ್‌ಟಿಟಿಪಿ ಎಂದು ಬದಲಿಸಿ ಪ್ರಯತ್ನಿಸಿದಾಗ ಕೆಲವು ಧ್ವನಿ ಕಡತಗಳು ಇಳಿದು ಬಂದವು, ಎಫ್ಎಫ್ಎಂಪೆಗ್ ಅವುಗಳನ್ನು ಎಂಪಿ3 ಆಗಿ ಪರಿವರ್ತಿಸಿತು, ಮತ್ತು ನಾನು ಬಹು ದಿನಗಳಿಂದ ಕೇಳಬೇಕೆಂದಿದ್ದ ಉಪನ್ಯಾಸ ಅಂದು ಸಂಜೆ ಮೊದಲಿನಿಂದ ಕೊನೆಯವರೆಗೂ ಕೇಳಿಸಿತು.

ಹನ್ನೊಂದು ಉಪನ್ಯಾಸಗಳು ಬರಲಿಲ್ಲ. ಅವುಗಳ ಚೀಟಿಗಳು ಸೂಚಿಸುವ ಸರ್ವರ್ ಈಗ ಚಾಲನೆಯಲ್ಲಿಲ್ಲ. ಆ ಹನ್ನೊಂದು ಚೀಟಿಗಳನ್ನು ನಾನು ಅಳಿಸಿಲ್ಲ. ಧ್ವನಿ ಕಡತಗಳ ಸರಿಯಾದ ಹೆಸರುಗಳು ಅವುಗಳಲ್ಲಿರುವುದರಿಂದ, ಯಾರ ಬಳಿಯಾದರೂ ಪ್ರತಿ ಉಳಿದಿದ್ದರೆ ಗುರುತಿಸಲು ಅವೇ ಆಧಾರ.