ಮುರಮಣ್ಣಿನ ಊರಲ್ಲಿ ಚೀಲದ ಟೊಮೆಟೊ, ಮೆಣಸು: ಸೋಣದಿಂದ ಮಾಯಿವರೆಗೆ

ಅಂಗಳ, ಗುಡ್ಡೆ, ತೋಟ ಎಲ್ಲ ಇದ್ದೂ ನಮ್ಮ ಕಡೆ ಟೊಮೆಟೊವನ್ನು ಚೀಲದಲ್ಲಿ (ಗ್ರೋಬ್ಯಾಗ್) ನೆಡಬೇಕಾಗುವುದು ಜಾಗ ಸಾಲದೆ ಅಲ್ಲ, ನೆಲವನ್ನು ನಂಬಲಾಗದೆ. ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯದ ತನಕ ಮಣ್ಣು ಹುಳಿ, ಮಳೆಗಾಲ ಉದ್ದ, ಸೆಕೆ ವರ್ಷವಿಡೀ. ಬ್ಯಾಕ್ಟೀರಿಯಾ ಸೊರಗು ರೋಗಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗದು. ರಾಲ್‌ಸ್ಟೋನಿಯಾ ಎಂಬ ಆ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಟೊಮೆಟೊ, ಬದನೆ, ಮೆಣಸು ಮೂರನ್ನೂ ಹಿಡಿಯುತ್ತದೆ, ಹಿಡಿದ ಮೇಲೆ ಮದ್ದಿಲ್ಲ. ಹಾಗಾಗಿ ನನ್ನ ಕೆಲಸದ ದೊಡ್ಡ ಪಾಲು ಗಿಡ ನೆಡುವ ಮೊದಲೇ ಮುಗಿದಿರುತ್ತದೆ: ಯಾವ ಮಣ್ಣು, ಯಾವ ತಳಿ, ಯಾವ ವಾರ. ಗೊಬ್ಬರದ ಚರ್ಚೆ ಆಮೇಲಿನದು.

ವಾರದ ಲೆಕ್ಕ ಮೊದಲು ಹೇಳುತ್ತೇನೆ. ಟೊಮೆಟೊ ಕಾಯಿ ಕಚ್ಚುವುದು ರಾತ್ರಿಯ ತಂಪಿಗೆ. ರಾತ್ರಿಯ ಉಷ್ಣತೆ 24 ಡಿಗ್ರಿಯಿಂದ ಕೆಳಗಿಳಿಯದಿದ್ದರೆ, ಹಗಲಿನದು 34-35 ದಾಟಿದರೆ, ಪರಾಗ ಕೆಲಸಕ್ಕೆ ಬಾರದೆ ಹೂ ತೊಟ್ಟಿನ ಸಮೇತ ಉದುರುತ್ತದೆ. ಕರಾವಳಿಯಲ್ಲಿ ಅಂಥ ತಂಪು ಸಿಗುವುದು ನವೆಂಬರ್ ಕೊನೆಯಿಂದ ಫೆಬ್ರವರಿ ಆರಂಭದವರೆಗೆ. ಹೂ ಬರುವ ದಿನಗಳನ್ನು ಅಲ್ಲಿಗೆ ಕೂರಿಸಿ ಹಿಂದಕ್ಕೆ ಎಣಿಸಿದರೆ, ಸಸಿ ಚೀಲಕ್ಕೆ ಹೋಗಬೇಕಾದದ್ದು ತುಲಾ ಸಂಕ್ರಮಣದ ಆಸುಪಾಸು, ಅಂದರೆ ಅಕ್ಟೋಬರ್ ನಡುವಿಗೆ. ಟೊಮೆಟೊ ಸಸಿಗೆ 25ರಿಂದ 30 ದಿನ, ಮೆಣಸಿನ ಸಸಿಗೆ 40 ದಿನ ಬೇಕು. ಆದ್ದರಿಂದ ಮೆಣಸಿನ ಬೀಜ ತುಳುವಿನ ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ನಡುವೆಯೇ ಟ್ರೇಗೆ ಬೀಳಬೇಕು, ಟೊಮೆಟೊ ಬೀಜ ಸೋಣ ಮುಗಿಯುತ್ತಿದ್ದಂತೆ. ಅದಕ್ಕೂ ಹಿಂದಿನ ಆಟಿ ತಿಂಗಳಲ್ಲಿ ಬಿತ್ತುವವರೂ ಇದ್ದಾರೆ. ಗಿಡ ಸೊಂಪಾಗಿ ಎದ್ದು, ಎಲೆಚುಕ್ಕೆ ಹಿಡಿದು, ತಂಪು ಬರುವ ಹೊತ್ತಿಗೆ ಬೋಳಾಗಿ ನಿಂತಿರುತ್ತದೆ.

ತಳಿಯ ವಿಷಯದಲ್ಲಿ ಚೌಕಾಸಿ ಬೇಡ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಮೂರೂ ಸೊರಗು ರೋಗ ತಡೆಯುವ ಟೊಮೆಟೊಗಳು. ಹೆಸರಘಟ್ಟದ ಅರ್ಕಾ ರಕ್ಷಕ್ ಸೊರಗು, ಎಲೆಮುರುಟು ವೈರಸ್, ಅಂಗಮಾರಿ ಈ ಮೂರನ್ನೂ ತಡೆಯುತ್ತದೆ. ಅದು ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿ ಫಲವಿಲ್ಲ. ಮೆಣಸಿನಲ್ಲಿ ಉಜ್ವಲ ಮತ್ತು ಅನುಗ್ರಹ. ಉಜ್ವಲದ ಕಾಯಿ ಗೊಂಚಲಾಗಿ ಮೇಲ್ಮುಖ ನಿಲ್ಲುತ್ತದೆ, ಖಾರ ಜೋರು. ದಿನದ ಅಡಿಗೆಗೆ ನೇತಾಡುವ ಉದ್ದ ಕಾಯಿಯ ಅನುಗ್ರಹವೇ ಅನುಕೂಲ. ಪೇಟೆಯಿಂದ ತಂದ ಟೊಮೆಟೊ ಹಿಂಡಿ ಬೀಜ ಬಿತ್ತಿದರೆ ಗಿಡವೇನೋ ಬರುತ್ತದೆ. ಆದರೆ ಅವು ಹೆಚ್ಚಾಗಿ ಬಯಲುಸೀಮೆಯ ಹೈಬ್ರಿಡ್‌ಗಳು, ನಮ್ಮ ಸೊರಗನ್ನು ತಡೆಯುತ್ತವೆಂಬ ಖಾತ್ರಿ ಇಲ್ಲ. ದೊಣ್ಣೆಮೆಣಸಿನ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಟೊಮೆಟೊಗಿಂತಲೂ ತಂಪಾದ ರಾತ್ರಿ ಬೇಕು. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ನಾಲ್ಕು ಕಾಯಿ ಕೊಟ್ಟರೆ ಅದೇ ದೊಡ್ಡದು, ಅದೂ ಸಣ್ಣ ಕಾಯಿ. ಗಾಂಧಾರಿ ಮೆಣಸಿಗೆ ಈ ಯಾವ ಗೊಡವೆಯೂ ಇಲ್ಲ, ಅರೆನೆರಳಲ್ಲಿ ಒಂದು ಚೀಲ ಇಟ್ಟರೆ ವರ್ಷಗಟ್ಟಲೆ ಕೊಡುತ್ತದೆ.

ಬೀಜವನ್ನು ಒಂದು ಲೀಟರಿಗೆ 20 ಗ್ರಾಂ ಸ್ಯೂಡೋಮೊನಾಸ್ (ರೋಗ ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಹುಡಿ) ಕದಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, 98 ಗುಣಿಯ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕುತ್ತೇನೆ. ತುಂಬಿಸಲು ತೆಂಗಿನ ನಾರಿನ ಹುಡಿಯ ಕಾಂಪೋಸ್ಟ್ ಮತ್ತು ಎರೆಗೊಬ್ಬರ ಸಮಸಮ. ಮೊಳಕೆ ಕಂಡ ದಿನವೇ ಟ್ರೇ ಬೆಳಕಿಗೆ ಬರಬೇಕು, ಆದರೆ ಮಳೆ ನೇರ ಬೀಳಬಾರದು. ಜಗಲಿಯ ಮೂಲೆಯಲ್ಲೇ ಬಿಟ್ಟ ಸಸಿ ನೂಲಿನಂತೆ ಉದ್ದವಾಗಿ ಬುಡದಲ್ಲಿ ಮುರಿಯುತ್ತದೆ. ನೀರು ಬೆಳಗ್ಗೆ ಮಾತ್ರ. ಸಂಜೆ ಕೊಟ್ಟರೆ ರಾತ್ರಿಯಿಡೀ ಒದ್ದೆ ಉಳಿದು ಬುಡಕೊಳೆ ಬರುತ್ತದೆ.

ಇನ್ನು ಮಣ್ಣು. ಬದನೆ, ಟೊಮೆಟೊ, ಮೆಣಸು ಬೆಳೆದ ಜಾಗದ ಮಣ್ಣು ಬೇಡವೇ ಬೇಡ. ಶುಂಠಿ ಕೊಳೆತ ಜಾಗದ್ದೂ ಬೇಡ. ಅಡಿಕೆ ತೋಟದ ಮೇಲ್ಮಣ್ಣು ಕಪ್ಪಗೆ ಚಂದ ಕಾಣುತ್ತದೆ, ಆದರೆ ವರ್ಷ ವರ್ಷ ಮೈಲುತುತ್ತು ಬಿದ್ದ ತೋಟದಲ್ಲಿ ತಾಮ್ರ ಕೂಡಿರುತ್ತದೆ. ನಾನು ಗುಡ್ಡೆಯ ಬದಿಯ, ತರಕಾರಿ ಕಾಣದ ಮಣ್ಣನ್ನು ಬೇಸಗೆಯಲ್ಲೇ ತಂದು ಜರಡಿ ಹಿಡಿದು ಒಣಗಿಸಿ, ಮಳೆ ತಾಗದಂತೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಅಗೆದ ಒದ್ದೆಮಣ್ಣು ಮುದ್ದೆಗಟ್ಟಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ.

15 ಕೆಜಿಯಷ್ಟು ಮಣ್ಣಿಗೆ, ಅಂದರೆ ಸುಮಾರು ಒಂದು ಬಾಲ್ದಿಗೆ, 50 ಗ್ರಾಂ ಅರಳಿದ ಸುಣ್ಣ ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಎರಡು ವಾರ ಮುಚ್ಚಿಡಬೇಕು. ಹುಳಿ ಇಳಿಯಲು ಅಷ್ಟು ಸಮಯ ಬೇಕು. ಸುಣ್ಣ ಹಾಕಿದ ದಿನವೇ ಹಟ್ಟಿಗೊಬ್ಬರ ಸೇರಿಸಿದರೆ ಸಾರಜನಕ ವಾಸನೆಯಾಗಿ ಹಾರಿಹೋಗುತ್ತದೆ. ಎರಡು ವಾರದ ನಂತರ ಅಳತೆ ಹೀಗೆ: ಮಣ್ಣು ಎರಡು ಬಾಲ್ದಿ, ಒಣಗಿ ಹುಡಿಯಾದ ಹಟ್ಟಿಗೊಬ್ಬರ ಒಂದು ಬಾಲ್ದಿ, ನಾರಿನ ಹುಡಿ ಒಂದು ಬಾಲ್ದಿ. ಮೂರೂ ಸಮಪಾಲು ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಬೇಸಗೆಗೆ ಸರಿ. ತುಲಾ ತಿಂಗಳ ಗುಡುಗುಮಳೆಗೆ ಅಷ್ಟು ನಾರಿನ ಹುಡಿ ಇದ್ದರೆ ಚೀಲ ದಿನಗಟ್ಟಲೆ ಒದ್ದೆ ಆರುವುದಿಲ್ಲ. ಹಸಿ ನಾರಿನ ಹುಡಿಯನ್ನು ನೇರ ಹಾಕುವಂತೆಯೂ ಇಲ್ಲ. ಅದರ ಕಂದು ರಸ ಎರಡು ಮೂರು ನೀರಿನಲ್ಲಿ ಬಿಟ್ಟುಹೋಗಬೇಕು, ಇಲ್ಲವೇ ಕಾಂಪೋಸ್ಟ್ ಆದದ್ದನ್ನೇ ಕೊಳ್ಳಬೇಕು. ಹಸಿಯದು ಕೊಳೆಯುವಾಗ ಗಿಡದ ಸಾರಜನಕವನ್ನೇ ತಿಂದು ಎಲೆ ಹಳದಿಯಾಗುತ್ತದೆ.

ಚೀಲವೊಂದಕ್ಕೆ ಬೇವಿನ ಹಿಂಡಿ 100 ಗ್ರಾಂ, ಎಲುಬಿನ ಹುಡಿ 50 ಗ್ರಾಂ. ಎಲುಬಿನ ಹುಡಿ ಮನೆಗೆ ತಾರದವರು ರಾಕ್ ಫಾಸ್ಫೇಟ್ ಹಾಕಬಹುದು. ಹಟ್ಟಿಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ ಬೆಳೆಸಿಕೊಂಡರೆ ಉತ್ತಮ: 90 ಕೆಜಿ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ, ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ. ಮನೆಯ ಹತ್ತು ಚೀಲಕ್ಕೆ ಇದೇ ಪ್ರಮಾಣವನ್ನು ಇಳಿಸಿಕೊಳ್ಳಿ.

ಚೀಲ 40×24×24 ಸೆಂ.ಮೀ. ಅಳತೆಯದ್ದು ಮೆಣಸಿಗೆ ಧಾರಾಳ, ಪೊದೆಯಾಗುವ ಟೊಮೆಟೊಗೆ ಸಾಕು. ಉದ್ದ ಬೆಳೆಯುವ ಟೊಮೆಟೊಗೆ 20-25 ಲೀಟರ್ ಹಿಡಿಯುವ ಪಾತ್ರೆಯೇ ಬೇಕು. ಹಳೆಯ ಪೈಂಟ್ ಬಾಲ್ದಿ ಆಗುತ್ತದೆ. ಚೀಲದ ಕಾರ್ಖಾನೆ ತೂತುಗಳು ನಮ್ಮ ಮಳೆಗೆ ಸಾಲವು. ತಳದಿಂದ ಎರಡು ಸೆಂ.ಮೀ. ಮೇಲೆ ಸುತ್ತಲೂ ಆರೆಂಟು ತೂತು ಹೆಚ್ಚಿಗೆ ಮಾಡಿ. ಮೂರನೆಯ ಎರಡು ಪಾಲು ಮಾತ್ರ ತುಂಬಿಸಿ. ಟೊಮೆಟೊ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುವುದರಿಂದ ಆಮೇಲೆ ಎರಡು ಸಲ ಮಣ್ಣು ಏರಿಸಬಹುದು. ಮೆಣಸಿಗೆ ಹಾಗೆ ಬುಡ ಹೂಳಬಾರದು, ಕೊಳೆಯುತ್ತದೆ. ಚೀಲವನ್ನು ಎರಡು ಇಟ್ಟಿಗೆಯ ಅಥವಾ ಮುರಕಲ್ಲಿನ ತುಂಡಿನ ಮೇಲೆ ಇಡಬೇಕು. ನೆಲಕ್ಕೆ ತಾಗಿಸಿಟ್ಟರೆ ತೂತಿನಿಂದ ಇಳಿದ ಬೇರು ಅಂಗಳದ ಮಣ್ಣಿನ ಸೊರಗನ್ನು ಮೇಲಕ್ಕೆ ತರುತ್ತದೆ, ಆಗ ಚೀಲದ ಅರ್ಥವೇ ಹೋಯಿತು.

ಅಕ್ಟೋಬರ್, ನವೆಂಬರ್‌ನ ಮಧ್ಯಾಹ್ನದ ಮಳೆಗೆ ಮಳೆಮರೆ ಕಟ್ಟಿಕೊಂಡವರು ಅರ್ಧ ಗೆದ್ದಂತೆ. 200 ಮೈಕ್ರಾನ್‌ನ ಯುವಿ ಶೀಟ್, ಅಡಿಕೆ ಸಲಕೆಯ ಚೌಕಟ್ಟು, ನಾಲ್ಕೂ ಬದಿ ತೆರೆದು, ನಡುವೆ ಎತ್ತರ ಏಳೆಂಟು ಅಡಿ. ತಗ್ಗಾಗಿ ಕಟ್ಟಿದರೆ ಒಳಗೆ ಬಿಸಿಗಾಳಿ ನಿಂತು ಹೂ ಉದುರುತ್ತದೆ. ಮಳೆ ನಿಂತ ಮೇಲೆ ಶೀಟ್ ತೆಗೆದಿಡಬಹುದು. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಡಿಸೆಂಬರಿನಲ್ಲಿ ಬಿಸಿಲು ಬೀಳುವ ಅಂಗಳವೆಲ್ಲ ಅಡಿಕೆ ಒಣಗಿಸಲು ಬೇಕಾಗುತ್ತದೆ, ಆದ್ದರಿಂದ ಚೀಲಗಳ ಜಾಗ ಮೊದಲೇ ಅಂಗಳದ ಅಂಚಿಗೋ ತಾರಸಿಗೋ ನಿಗದಿಯಾಗಲಿ. ತುಂಬಿದ ಚೀಲ ಹೊತ್ತು ತಿರುಗುವ ಕೆಲಸ ಯಾರಿಗೂ ಬೇಡ.

ನೀರಿನಲ್ಲಿ ತಪ್ಪುವವರು ಬಹಳ. ನಾರಿನ ಹುಡಿಯ ಮೇಲ್ಭಾಗ ಒಣಗಿ ಬೂದು ಕಾಣುವಾಗಲೂ ಒಳಗೆ ಒದ್ದೆ ಇರುತ್ತದೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಇಲ್ಲವೇ ಚೀಲ ತುಸು ಓರೆ ಮಾಡಿ ಭಾರ ನೋಡಿ. ನವೆಂಬರಿನಲ್ಲಿ ಅರ್ಧ ಲೀಟರ್ ಸಾಕಾದ ಗಿಡಕ್ಕೆ ಕಾಯಿ ತುಂಬಿದ ಜನವರಿಯಲ್ಲಿ ಒಂದೂವರೆ, ಎರಡು ಲೀಟರ್ ಬೇಕು, ಅದನ್ನು ಬೆಳಗ್ಗೆ ಸಂಜೆ ಹಂಚಿ ಕೊಡಬೇಕು. ಒಂದು ದಿನ ಬಾಡಿಸಿ ಮರುದಿನ ತುಂಬ ಹೊಯ್ದರೆ ಹಣ್ಣು ಬಿರಿಯುತ್ತದೆ, ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಕುಸಿಯುತ್ತದೆ. ಆ ಕಪ್ಪು ರೋಗವಲ್ಲ, ಸುಣ್ಣದಂಶ (ಕ್ಯಾಲ್ಸಿಯಂ) ಕಾಯಿಯ ತುದಿಗೆ ತಲುಪದ್ದು. ನಮ್ಮ ಮುರಕಲ್ಲಿನ ಬಾವಿ, ಸುರಂಗದ (ಗುಡ್ಡೆಗೆ ಅಡ್ಡ ಕೊರೆದ ನೀರಿನ ಮಾರ್ಗ) ನೀರಿನಲ್ಲಿ ಸುಣ್ಣದಂಶ ಮೊದಲೇ ಕಡಿಮೆ. ಹೂ ಬಂದಾಗಿನಿಂದ ವಾರಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5 ಗ್ರಾಂ ಎಲೆಗೆ ಸಿಂಪಡಿಸುತ್ತೇನೆ. ಅದನ್ನು 19:19:19ರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಜೊತೆ ಒಂದೇ ಪಾತ್ರೆಯಲ್ಲಿ ಕಲಸಿದರೆ ತಳದಲ್ಲಿ ಗಸಿ ಕೂರುತ್ತದೆ. ಚೀಲದ ಬಾಯಿಗೆ ಬೈಹುಲ್ಲೋ ಒಣ ತರಗೆಲೆಯೋ ಹಾಸಿ, ಪಡುವಣ ಬಿಸಿಲು ಬೀಳುವ ಬದಿಗೆ ಅಡಿಕೆ ಹಾಳೆ ಒರಗಿಸಿದರೆ ಬೇರು ಬಿಸಿಯಾಗುವುದಿಲ್ಲ.

ಗೊಬ್ಬರಕ್ಕೆ ನೆಲಗಡಲೆ ಹಿಂಡಿ 1 ಕೆಜಿ, ಹಸಿ ಸೆಗಣಿ 1 ಕೆಜಿ, ನೀರು 10 ಲೀಟರ್, ನಾಲ್ಕೈದು ದಿನ ಕೊಳೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಹತ್ತು ದಿನಕ್ಕೊಮ್ಮೆ ಚೀಲಕ್ಕೆ ಅರ್ಧ ಲೀಟರ್. ಹೂ ಬಿಟ್ಟ ಮೇಲೆ ಇದನ್ನೇ ಸುರಿಯುತ್ತಾ ಹೋದರೆ ಎಲೆ ಮಾತ್ರ ದೊಡ್ಡದಾಗುತ್ತದೆ. ಆಗ ಪೊಟ್ಯಾಷಿಯಂ ಬೇಕು. 15 ದಿನಕ್ಕೊಮ್ಮೆ ಒಲೆಯ ಬೂದಿ ಒಂದು ಹಿಡಿ, ಅಥವಾ 13:0:45 (ಪೊಟ್ಯಾಷಿಯಂ ನೈಟ್ರೇಟ್) ಲೀಟರಿಗೆ 5 ಗ್ರಾಂ. ಬೋರಾನ್ ಕೊರತೆ ನಮ್ಮ ಮಣ್ಣಿಗೆ ಅಂಟಿದ್ದು. ಲೀಟರಿಗೆ 1 ಗ್ರಾಂ ಬೋರಾಕ್ಸ್ ಹೂ ಬರುವಾಗ ಒಮ್ಮೆ ಸಿಂಪಡಿಸಿದರೆ ಸಾಕು, ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಬೆಳಗ್ಗೆ ಎಂಟು ಒಂಬತ್ತರ ಹೊತ್ತಿಗೆ ಟೊಮೆಟೊದ ಊರುಗೋಲನ್ನು ಮೆಲ್ಲಗೆ ತಟ್ಟಿ. ಗಾಳಿ ಕಡಿಮೆ ಇರುವ ಅಂಗಳದಲ್ಲಿ ಕಾಯಿ ಕಚ್ಚಲು ಇದರಿಂದ ನೆರವಾಗುತ್ತದೆ. ಉದ್ದ ಬೆಳೆಯುವ ಗಿಡದಲ್ಲಿ ಎರಡು ಕವಲು ಉಳಿಸಿ, ಎಲೆಕಂಕುಳಿನ ಚಿಗುರನ್ನು ಬೆರಳುದ್ದ ಇರುವಾಗಲೇ ಒಣ ಬೆಳಗಿನಲ್ಲಿ ಚಿವುಟಿ. ಪೊದೆ ಗಿಡದಲ್ಲಿ ಚಿವುಟಿದರೆ ಬೆಳೆಯೇ ಕಡಿಮೆಯಾಗುತ್ತದೆ.

ಮೆಣಸಿನ ಮುರುಟು ಕಂಡ ಕೂಡಲೆ ಸಿಕ್ಕಿದ್ದನ್ನು ಹೊಡೆಯುವ ಬದಲು ಎಲೆ ತಿರುಗಿಸಿ ನೋಡಿ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್ ಕೀಟ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ ಗಿಡವೇ ಗಿಡ್ಡವಾಗಿ ಹಳದಿ ಬಲೆಯಂತಾದರೆ ಬಿಳಿನೊಣ ತಂದ ವೈರಸ್, ಆ ಗಿಡ ಕಿತ್ತು ಸುಡುವುದೇ. ಥ್ರಿಪ್ಸ್‌ಗೆ ಬೇವಿನೆಣ್ಣೆ 20 ಮಿ.ಲೀ., ಅರೆದು ಸೋಸಿದ ಬೆಳ್ಳುಳ್ಳಿ 20 ಗ್ರಾಂ, ಬಾರ್ ಸೋಪು 5 ಗ್ರಾಂ, ನೀರು 1 ಲೀಟರ್, ಸಂಜೆ ಹೊತ್ತು ಎಲೆಯಡಿಗೆ ತಾಗುವಂತೆ, ವಾರಕ್ಕೊಮ್ಮೆ. ಮೈಟಿಗೆ ಕರಗುವ ಗಂಧಕ ಲೀಟರಿಗೆ 3 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ತೋಟಕ್ಕೆ ಕಲಸಿದ ಮೈಲುತುತ್ತು ಉಳಿಯಿತೆಂದು ಚೀಲಗಳಿಗೂ ಹಾಯಿಸುವ ಅಭ್ಯಾಸ ಬಿಡಿ. ಅದು ನೀವು ಮಣ್ಣಿಗೆ ಕೊಟ್ಟ ಟ್ರೈಕೋಡರ್ಮಾವನ್ನೂ ಸ್ಯೂಡೋಮೊನಾಸನ್ನೂ ಕೊಲ್ಲುತ್ತದೆ.

ಎಲೆ ಹಸಿರಾಗಿರುವಾಗಲೇ ಗಿಡ ಮಧ್ಯಾಹ್ನ ಜೋತು, ಸಂಜೆ ಚೇತರಿಸಿ, ಎರಡು ಮೂರು ದಿನದಲ್ಲಿ ಏಳದಿದ್ದರೆ ಬುಡದ ಕಾಂಡ ಕೊಯ್ದು ಗಾಜಿನ ಲೋಟದ ತಿಳಿನೀರಿಗೆ ತುದಿ ಇಳಿಸಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಸೊರಗು ಖಚಿತ. ಇಳಿಯದಿದ್ದರೆ ನೀರು ನಿಂತು ಬೇರು ಕೊಳೆತದ್ದೋ ಜಂತುಹುಳದಿಂದ (ನೆಮಟೋಡ್) ಬೇರಿಗೆ ಬಂದ ಗಂಟೋ ಇರಬಹುದು, ಬೇರು ಬಿಡಿಸಿ ನೋಡಿ. ಸೊರಗಿನ ಗಿಡವನ್ನು ಕೀಳದೆ ಚೀಲದ ಸಮೇತ ಹೊರಗೆ ಸಾಗಿಸಿ, ಕತ್ತಿಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆಯಿರಿ. ಆ ಚೀಲದಿಂದ ಇಳಿದ ನೀರು ಪಕ್ಕದ ಚೀಲದ ಬುಡಕ್ಕೆ ಹರಿದಿದೆಯೇ ನೋಡಿ, ಮುಂದಿನ ಗಿಡ ಬಾಡುವುದು ಅಲ್ಲೇ.

ಹಣ್ಣನ್ನು ತುದಿ ಕೆಂಪಾಗುತ್ತಲೇ ಕೊಯ್ದು ಒಳಗಿಟ್ಟರೆ ನವಿಲು, ಅಳಿಲಿಗೆ ಪಾಲು ಹೋಗುವುದಿಲ್ಲ. ಫೆಬ್ರವರಿ ದಾಟಿದ ಮೇಲೆ ಇದು ಇನ್ನೂ ಅಗತ್ಯ. 30 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಗಿಡದಲ್ಲೇ ಉಳಿದ ಹಣ್ಣು ಕೆಂಪೇರದೆ ಕಿತ್ತಳೆಯಾಗಿಯೇ ನಿಲ್ಲುತ್ತದೆ. ಮಾಯಿ ತಿಂಗಳಿಗೆ (ಫೆಬ್ರವರಿ-ಮಾರ್ಚ್) ಟೊಮೆಟೊ ಕಿತ್ತುಬಿಡಿ. ಮೆಣಸನ್ನು ಉಳಿಸಿಕೊಳ್ಳಿ, ಮೇಲಿನ ಮೂರನೆಯ ಒಂದು ಪಾಲು ಸವರಿ, ಎರಡು ಹಿಡಿ ಎರೆಗೊಬ್ಬರ ಹಾಕಿ, ಅರ್ಧ ನೆರಳಿನ ಬಲೆಯಡಿ ಇಟ್ಟರೆ ಮಳೆ ಹಿಡಿಯುವ ತನಕ ಕಾಯಿ ಬಿಡುತ್ತದೆ. ಟೊಮೆಟೊದ ಮಣ್ಣನ್ನು ಸುಗ್ಗಿ, ಪಗ್ಗುವಿನ (ಮಾರ್ಚ್‌ನಿಂದ ಮೇ) ಬಿಸಿಲಿಗೆ ಗೇಣು ದಪ್ಪ ಹರಡಿ, ತೇವ ಮಾಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚಿಗೆ ಮಣ್ಣು ಏರಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಆಮೇಲೂ ಅದು ಹರಿವೆ, ಅಲಸಂಡೆ, ಬೆಂಡೆಗೆ ಮಾತ್ರ. ಸೊರಗು ಬಂದ ಚೀಲದ ಮಣ್ಣು ತರಕಾರಿ ಸಾಲಿನತ್ತ ನೀರು ಹರಿಯದ ಕಡೆಯ ತೆಂಗಿನ ಬುಡಕ್ಕೆ ಹೋಗಲಿ, ಆ ಚೀಲವನ್ನು ಮತ್ತೆ ತುಂಬಿಸಬೇಡಿ.